ಸೆಂಟ್ರೇಲಿಯಾ: ಕಸದ ಗುಂಡಿಯ ಬೆಂಕಿ ಒಂದು ಊರನ್ನು ಖಾಲಿ ಮಾಡಿದ ಬಗೆ

1962ರ ಬೇಸಿಗೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸೆಂಟ್ರೇಲಿಯಾ ಎಂಬ ಪುಟ್ಟ ಗಣಿ ಊರಿಗೆ ರಾಜ್ಯದ ಗಣಿ ಇಲಾಖೆಯ ಇಂಜಿನಿಯರ್ ಒಬ್ಬರು ಬಂದರು. ಕಸದ ಗುಂಡಿಯಲ್ಲಿ ಹೊಗೆಯಾಡುತ್ತಿದ್ದ ಬೆಂಕಿಯನ್ನು ನೋಡಿ, ಯಂತ್ರ ತಂದು ಅಗೆದು ತೆಗೆಯೋಕೆ 175 ಡಾಲರ್ ಸಾಕು ಅಂದರು. 1983ರಲ್ಲಿ ಅದೇ ಬೆಂಕಿಯನ್ನು ಪೂರ್ತಿ ಆರಿಸಲು ಎಷ್ಟು ಬೇಕು ಎಂದು ಲೆಕ್ಕ ಹಾಕಿದಾಗ ಬಂದ ಅಂಕಿ 66 ಕೋಟಿ 30 ಲಕ್ಷ ಡಾಲರ್. ನಡುವೆ ಕಳೆದದ್ದು 21 ವರ್ಷ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದರು ಅಂತೀವಲ್ಲ, ಇಲ್ಲಿ ಕೊಡಲಿಗೂ ಬಗ್ಗಲಿಲ್ಲ.

ಸೆಂಟ್ರೇಲಿಯಾದ ಹೆಸರು ಕೇಳಿದವರಿಗೆ ಸಾಮಾನ್ಯವಾಗಿ ಗೊತ್ತಿರುವುದು ಇಷ್ಟೇ: ನೆಲದಡಿ ಬೆಂಕಿ, ಬಿರುಕು ಬಿಟ್ಟ ರಸ್ತೆ, ಖಾಲಿ ಊರು. ನನಗೆ ಇದರಲ್ಲಿ ಬೆಂಕಿಗಿಂತ ಜಾಸ್ತಿ ಕುತೂಹಲ ಹುಟ್ಟಿಸುವುದು ದುಡ್ಡಿನ ಲೆಕ್ಕ. ಪ್ರತಿ ಸಲವೂ ಮಂಜೂರಾದದ್ದು ನಿನ್ನೆಯ ಬೆಂಕಿಗೆ ಸಾಕಾಗುವಷ್ಟು ಹಣ. ಹಣ ಕೈಗೆ ಬರುವ ಹೊತ್ತಿಗೆ ಬೆಂಕಿ ಮುಂದಕ್ಕೆ ಹೋಗಿರುತ್ತಿತ್ತು.

ಊರು ಹುಟ್ಟಿದ್ದು

ಕೊಲಂಬಿಯಾ ಕೌಂಟಿಯ ಈ ಜಾಗದ ಕೆಳಗೆ ಆಂಥ್ರಸೈಟ್ ಇದೆ. ಕಲ್ಲಿದ್ದಲಿನಲ್ಲೇ ಗಟ್ಟಿಯಾದ, ಹೊಳೆಯುವ, ಹೊಗೆ ಕಡಿಮೆ ಬಿಡುವ ಜಾತಿ ಅದು. 1842ರಲ್ಲಿ ಲೋಕಸ್ಟ್ ಮೌಂಟನ್ ಕೋಲ್ ಅಂಡ್ ಐರನ್ ಎಂಬ ಕಂಪನಿ ಇಲ್ಲಿ ಜಮೀನು ಕೊಂಡಿತು. ಕಂಪನಿಯ ಗಣಿ ಇಂಜಿನಿಯರ್ ಅಲೆಕ್ಸಾಂಡರ್ ರೇ ಇಲ್ಲಿಗೆ ಬಂದು ಬೀದಿಗಳನ್ನು ಅಳೆದು, ನಿವೇಶನ ಗುರುತು ಹಾಕಿ ಊರು ಕಟ್ಟಿಸಿದ. ಮೊದಲು ಇಟ್ಟ ಹೆಸರು ಸೆಂಟರ್‌ವಿಲ್. ಪಕ್ಕದ ಕೌಂಟಿಯಲ್ಲಿ ಅದೇ ಹೆಸರಿನ ಇನ್ನೊಂದು ಊರಿತ್ತು, ಹಾಗಾಗಿ ಅಂಚೆ ಕಚೇರಿಗಾಗಿ 1865ರಲ್ಲಿ ಸೆಂಟ್ರೇಲಿಯಾ ಆಯಿತು. 1856ರಲ್ಲೇ ಇಲ್ಲಿ ಮೊದಲ ಗಣಿಗಳು ತೆರೆದಿದ್ದವು. 1866ರಲ್ಲಿ ಊರಿಗೆ ತನ್ನದೇ ಆಡಳಿತದ ಪಟ್ಟಣ ಎಂಬ ಮಾನ್ಯತೆ ಸಿಕ್ಕಿತು.

ಊರು ಕಟ್ಟಿದ ರೇ ಮಾತ್ರ ಊರು ಬೆಳೆಯುವುದನ್ನು ನೋಡಲಿಲ್ಲ. 1868ರ ಅಕ್ಟೋಬರ್‌ನಲ್ಲಿ, ಊರ ಹೊರಗಿನ ದಾರಿಯಲ್ಲಿ ಅವನ ಕೊಲೆಯಾಯಿತು. ಐರಿಶ್ ಗಣಿ ಕಾರ್ಮಿಕರ ಗುಪ್ತ ಸಂಘ ಎನ್ನಲಾದ ಮೋಲಿ ಮ್ಯಾಗ್ವಯರ್ಸ್ ಮೇಲೆ ಆರೋಪ ಬಂತು. 1878ರಲ್ಲಿ ಮೂವರನ್ನು ಗಲ್ಲಿಗೇರಿಸಿದರು. ಆ ಕಾಲದಲ್ಲಿ ಪಾದ್ರಿಯೊಬ್ಬರು ಊರಿಗೆ ಶಾಪ ಹಾಕಿದ್ದರು ಎಂಬ ಕಥೆಯೂ ಇದೆ. ಊರು ಹಾಳಾದ ಮೇಲೆ ಇಂಥ ಶಾಪದ ಕಥೆಗಳಿಗೆ ಬೆಲೆ ಏರುತ್ತೆ, ಅಲ್ವಾ?

1890ರ ಜನಗಣತಿಯಲ್ಲಿ ಇಲ್ಲಿದ್ದವರು 2,761 ಜನ. ಊರಿನ ಇತಿಹಾಸದಲ್ಲೇ ಅತಿ ಹೆಚ್ಚು. ಆಗ 7 ಚರ್ಚು, 5 ಹೋಟೆಲ್, 27 ಸಾರಾಯಿ ಅಂಗಡಿ, 2 ರಂಗಮಂದಿರ, ಒಂದು ಬ್ಯಾಂಕು ಇದ್ದವು. ಚರ್ಚಿಗಿಂತ ಸಾರಾಯಿ ಅಂಗಡಿ ಸುಮಾರು ನಾಲ್ಕು ಪಟ್ಟು ಎನ್ನುವುದರಲ್ಲೇ ಇದು ಎಂಥವರ ಊರು ಎನ್ನುವುದು ಗೊತ್ತಾಗುತ್ತೆ. ಹನ್ನೆರಡು ತಾಸು ಕತ್ತಲಲ್ಲಿ ದುಡಿದು ಮೇಲೆ ಬಂದವನಿಗೆ ಗಂಟಲು ಒಣಗದೆ ಇರುತ್ತಾ?

ನೆಲದಡಿಯ ಜೇನುಗೂಡು

ಮುಂದೆ ಆದದ್ದು ಅರ್ಥವಾಗಬೇಕಾದರೆ ನೆಲದ ಕೆಳಗೆ ಒಮ್ಮೆ ಇಳಿಯಬೇಕು.

ಕಲ್ಲಿದ್ದಲಿನ ಪದರವನ್ನು ಪೂರ್ತಿ ತೆಗೆದರೆ ಮೇಲಿನ ಬಂಡೆ ತಲೆ ಮೇಲೆ ಬೀಳುತ್ತೆ. ಅದಕ್ಕೇ ನಡುನಡುವೆ ಕಲ್ಲಿದ್ದಲಿನದೇ ಕಂಬಗಳನ್ನು ಬಿಟ್ಟುಕೊಂಡು, ಕೋಣೆ ಕೋಣೆಯಾಗಿ ಕೊರೆಯುತ್ತಾ ಹೋಗುತ್ತಾರೆ. 1929ರ ಷೇರುಪೇಟೆ ಕುಸಿತದ ನಂತರ ಲಿಹೈ ವ್ಯಾಲಿ ಕೋಲ್ ಕಂಪನಿ ಇಲ್ಲಿನ 5 ಗಣಿಗಳನ್ನು ಮುಚ್ಚಿತು. ಕೆಲಸ ಹೋದ ಗಣಿಗಾರರು ಏನು ಮಾಡಬೇಕು? ಗೊತ್ತಿದ್ದ ವಿದ್ಯೆ ಅದೊಂದೇ. ಮುಚ್ಚಿದ ಗಣಿಗೆ ತಮ್ಮದೇ ಕಳ್ಳ ಬಿಲಗಳನ್ನು ಕೊರೆದು ಒಳಗಿಳಿದರು. ಹೊಸ ಸುರಂಗ ಕೊರೆಯುವಷ್ಟು ಬಂಡವಾಳ ಅವರ ಬಳಿ ಇರಲಿಲ್ಲ. ಸುಲಭವಾಗಿ ಕೈಗೆ ಸಿಗುತ್ತಿದ್ದದ್ದು ಆ ಕಂಬಗಳು. ಕಂಬ ಕೆತ್ತಿ ಮಾರಿ ಹೊಟ್ಟೆ ಹೊರೆದರು. ಮೇಲಿನ ಚಾವಣಿ ಅಲ್ಲಲ್ಲಿ ಕುಸಿಯಿತು. ಎಲ್ಲಿ ಯಾವ ಬಿಲವಿದೆ, ಯಾವುದು ಯಾವುದಕ್ಕೆ ಸೇರುತ್ತದೆ ಎಂದು ತೋರಿಸುವ ನಕ್ಷೆ ಯಾರ ಬಳಿಯೂ ಇರಲಿಲ್ಲ. ಕದ್ದು ಅಗೆದ ಬಿಲಕ್ಕೆ ನಕ್ಷೆ ಬರೆಯುವವರು ಯಾರು?

ಇನ್ನೊಂದು ವಿಷಯ. ಇಲ್ಲಿ ಕಲ್ಲಿದ್ದಲಿನ ಪದರಗಳು ಚಾಪೆ ಹಾಸಿದ ಹಾಗೆ ಸಮತಟ್ಟಾಗಿಲ್ಲ, ಮಡಚಿಕೊಂಡು ಓರೆಯಾಗಿವೆ. ಓರೆ ಸುರಂಗ ಬಿಸಿಯಾದರೆ ಅದು ಚಿಮಣಿಯ ಹಾಗೆ ಕೆಲಸ ಮಾಡುತ್ತೆ. ಬಿಸಿ ಗಾಳಿ ಮೇಲಿನ ಬಿರುಕಿನಿಂದ ಹೊರಗೆ, ತಾಜಾ ಗಾಳಿ ಕೆಳಗಿನ ಬಿಲದಿಂದ ಒಳಗೆ. ಆಂಥ್ರಸೈಟ್ ಸುಲಭಕ್ಕೆ ಹೊತ್ತಿಕೊಳ್ಳುವ ವಸ್ತುವಲ್ಲ. ಆದರೆ ಒಮ್ಮೆ ಹಿಡಿದುಕೊಂಡರೆ ಸ್ವಲ್ಪವೇ ಗಾಳಿಯಲ್ಲಿ ವರ್ಷಗಟ್ಟಲೆ ಕನಲುತ್ತಾ ಕೂರುತ್ತೆ. ಬೂದಿ ಮುಚ್ಚಿದ ಕೆಂಡ ಅಂತ ನಾವು ಮಾತಿಗೆ ಹೇಳುವುದು ಇಲ್ಲಿ ಅಕ್ಷರಶಃ ನಿಜ.

1950ರಲ್ಲಿ ಪಟ್ಟಣದ ಕೌನ್ಸಿಲ್ ಒಂದು ಕೆಲಸ ಮಾಡಿತು. ಆಗ ತಾನೇ ಬಂದಿದ್ದ ರಾಜ್ಯದ ಕಾನೂನೊಂದನ್ನು ಬಳಸಿಕೊಂಡು ಊರಿನ ಕೆಳಗಿನ ಎಲ್ಲ ಕಲ್ಲಿದ್ದಲಿನ ಹಕ್ಕನ್ನು ಪಟ್ಟಣದ ಹೆಸರಿಗೇ ಮಾಡಿಸಿಕೊಂಡಿತು. ಆಗ ಅದು ಬರೀ ಕಾಗದ. ಮೂವತ್ತು ವರ್ಷದ ನಂತರ ಈ ಕಾಗದವೇ ಊರವರ ತಲೆಯಲ್ಲಿ ದೊಡ್ಡ ಅನುಮಾನದ ಬೀಜವಾಯಿತು.

ಸ್ಮಶಾನದ ಪಕ್ಕದ ಗುಂಡಿ

ಊರಿನ ಕಸ ಹಾಕುತ್ತಿದ್ದದ್ದು ಆಡ್ ಫೆಲೋಸ್ ಸ್ಮಶಾನದ ಪಕ್ಕದ ಒಂದು ಹಳೆಯ ಗುಂಡಿಗೆ. ಮೇಲಿನಿಂದಲೇ ಅಗೆದು ಕಲ್ಲಿದ್ದಲು ತೆಗೆದು ಹಾಗೇ ಬಿಟ್ಟುಹೋದ ಗಣಿಗುಂಡಿ ಅದು. ಇಂಥ ಗುಂಡಿಗಳಿಗೆ ಕಸ ತುಂಬುವುದರಿಂದ ಗಣಿಗೆ ಬೆಂಕಿ ಹತ್ತುತ್ತದೆ ಎಂಬುದು ಹೊಸ ಸಂಗತಿಯಾಗಿರಲಿಲ್ಲ. 1956ರಲ್ಲೇ ರಾಜ್ಯ ಅದಕ್ಕಾಗಿ ನಿಯಮ ತಂದಿತ್ತು. ಪರಿಶೀಲನೆಗೆ ಬಂದ ಅಧಿಕಾರಿ ಗುಂಡಿಯ ಗೋಡೆಯಲ್ಲೂ ತಳದಲ್ಲೂ ತೂತುಗಳಿರುವುದನ್ನು ನೋಡಿ, ಬೆಂಕಿ ಹಿಡಿಯದ ವಸ್ತುವಿನಿಂದ ಮುಚ್ಚಬೇಕು ಎಂದೂ ಹೇಳಿದ್ದ.

ಮೇ ಕೊನೆಗೆ ಅಮೆರಿಕದಲ್ಲಿ ಮೆಮೋರಿಯಲ್ ಡೇ. ಜನ ಹೂವು ಹಿಡಿದು ತಮ್ಮವರ ಸಮಾಧಿಗೆ ಬರುವ ದಿನ. ಸಮಾಧಿಯ ಪಕ್ಕದಲ್ಲೇ ಕಸ ಗಬ್ಬು ನಾರುತ್ತಿದ್ದರೆ ಚೆನ್ನಾಗಿರಲ್ಲ ಎಂದು ಕೌನ್ಸಿಲ್ ಸ್ವಚ್ಛ ಮಾಡಿಸಲು ಹೊರಟಿತು. ಸ್ವಯಂಸೇವಕ ಅಗ್ನಿಶಾಮಕ ದಳದ ಐವರನ್ನು ಗೊತ್ತು ಮಾಡಿದರು. 1962ರ ಮೇ 27ರಂದು ಅವರು ಕಸಕ್ಕೆ ಬೆಂಕಿ ಹಚ್ಚಿ, ಉರಿದ ಮೇಲೆ ನೀರು ಹೊಡೆದು ಆರಿಸಿದರು. ಹಿಂದಿನ ವರ್ಷಗಳಲ್ಲೂ ಬೇರೆ ಗುಂಡಿಗಳಲ್ಲಿ ಹೀಗೇ ಮಾಡುತ್ತಿದ್ದರು. ಏನೂ ಆಗಿರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಜ್ವಾಲೆ ಕಂಡಿತು. ಮತ್ತೆ ನೀರು ಹೊಡೆದರು. ಒಂದು ವಾರ ಬಿಟ್ಟು ಮತ್ತೆ. ಕೊನೆಗೆ ಬುಲ್ಡೋಜರ್ ತಂದು ಕಸ ಕೆದಕಿದಾಗ ಗುಂಡಿಯ ಉತ್ತರದ ಗೋಡೆಯ ಬುಡದಲ್ಲಿ ಸುಮಾರು 15 ಅಡಿ ಅಗಲದ ತೂತು ಕಾಣಿಸಿತು. ಕಸದ ಹಿಂದೆ ಮುಚ್ಚಿಹೋಗಿದ್ದ ಆ ತೂತನ್ನು ಯಾರೂ ಮುಚ್ಚಿಸಿರಲಿಲ್ಲ. ಅದರಾಚೆಗೆ ಹಳೆಯ ಗಣಿಯ ಜಾಲ.

ಬೆಂಕಿಯ ಮೂಲದ ಬಗ್ಗೆ ಬೇರೆ ವಾದಗಳೂ ಇವೆ. ಕಸದ ಗಾಡಿಯವನೊಬ್ಬ ಬಿಸಿ ಬೂದಿ ಸುರಿದು ಹೋದದ್ದೇ ಕಾರಣ ಎನ್ನುವವರಿದ್ದಾರೆ. 1932ರಲ್ಲಿ ಪಕ್ಕದ ಗಣಿಯೊಂದರಲ್ಲಿ ಹೊತ್ತಿದ್ದ ಬೆಂಕಿಯೇ ಸದ್ದಿಲ್ಲದೆ ಇಲ್ಲಿಗೆ ಬಂತು ಎನ್ನುವವರೂ ಇದ್ದಾರೆ. ಬಹುಪಾಲು ಜನ ಒಪ್ಪುವುದು ಕಸ ಸುಟ್ಟ ಕಥೆಯನ್ನೇ. ನನಗೂ ಅದೇ ಸರಿ ಅನ್ನಿಸುತ್ತೆ, ಯಾಕೆಂದರೆ ಕೌನ್ಸಿಲ್ ನಂತರ ನಡೆದುಕೊಂಡ ರೀತಿ ಅದನ್ನೇ ಹೇಳುತ್ತದೆ. ಕಲ್ಲಿದ್ದಲು ಕಂಪನಿಗೆ ಬರೆದ ಪತ್ರದಲ್ಲಿ ಅವರು ಬೆಂಕಿಯ ಮೂಲ ಗೊತ್ತಿಲ್ಲ, ವಿಪರೀತ ಸೆಕೆಯಿದ್ದ ದಿನಗಳಲ್ಲಿ ಹೊತ್ತಿಕೊಂಡಿತು ಎಂದು ಬರೆದರು. ಹಚ್ಚಿದ್ದು ನಾವೇ ಎಂದು ಒಪ್ಪಿಕೊಂಡರೆ ಖರ್ಚು ನಮ್ಮ ತಲೆಗೇ ಬರುತ್ತೆ ಎಂಬ ಭಯ. ಪುಟ್ಟ ಊರಿನ ಖಜಾನೆ ಎಷ್ಟಿದ್ದೀತು? ಆ ಭಯ ನನಗೆ ಅರ್ಥವಾಗುತ್ತೆ. ಆದರೆ ಸುಳ್ಳಿನಿಂದ ಹೊರಟ ಪತ್ರ ಕಚೇರಿಯಿಂದ ಕಚೇರಿಗೆ ಅಲೆಯುವಾಗ ಬೆಂಕಿ ಸುಮ್ನೆ ಕೂತಿರಲಿಲ್ಲ.

ಒಂದು ಶಿಫ್ಟು, ವಾರಾಂತ್ಯ ರಜೆ

175 ಡಾಲರ್‌ನ ಕೆಲಸ ಅಂದೇ ಯಾಕೆ ಆಗಲಿಲ್ಲ? ಯಾರು ಕೊಡಬೇಕು ಎನ್ನುವುದು ತೀರ್ಮಾನವಾಗಿರಲಿಲ್ಲ. ಇನ್ನೂ ಬೇಸರ ತರಿಸುವ ಸಂಗತಿ ಇದೆ. ಒಬ್ಬ ಗುತ್ತಿಗೆದಾರ ಬಂದು, ನಾನು ಬಿಟ್ಟಿಯಾಗಿ ಅಗೆದು ಬೆಂಕಿ ತೆಗೀತೀನಿ, ಸಿಗುವ ಕಲ್ಲಿದ್ದಲನ್ನು ರಾಯಧನ ಕಟ್ಟದೆ ಒಯ್ಯಲು ಬಿಡಿ ಅಂದಿದ್ದ. ಅದು ಕೈಗೂಡಲಿಲ್ಲ. ರಾಜ್ಯ ಸರ್ಕಾರ ತಾನೇ ಟೆಂಡರ್ ಕರೆಯುವ ದಾರಿ ಹಿಡಿಯಿತು.

ಆಗಸ್ಟ್ ಹೊತ್ತಿಗೆ ಸುತ್ತಲಿನ ಗಣಿಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುವ ಮಟ್ಟಕ್ಕೆ ಏರಿತ್ತು. ಕೆಲಸ ನಡೆಯುತ್ತಿದ್ದ ಗಣಿಗಳನ್ನೂ ಮುಚ್ಚಿಸಿದರು. ಅಲ್ಲಿಗೆ ಊರಿನ ಉಳಿದ ಅನ್ನವೂ ಹೋಯಿತು.

ಆಗಸ್ಟ್ 22ಕ್ಕೆ ಮೊದಲ ಅಗೆತ ಶುರುವಾಯಿತು. ಮಂಜೂರಾದ ಹಣ ಸುಮಾರು 20,000 ಡಾಲರ್. 24,000 ಘನ ಗಜ ಮಣ್ಣು ತೆಗೆದರೆ ಬೆಂಕಿ ಸಿಗುತ್ತೆ ಎಂಬ ಅಂದಾಜು. ಬೆಂಕಿ ಎಲ್ಲಿದೆ ಎಂದು ಮೊದಲು ರಂಧ್ರ ಕೊರೆದು ನೋಡೋಣ ಎಂದರೆ ಅದಕ್ಕೆ ಅನುಮತಿ ಇಲ್ಲ, ಖರ್ಚು ಜಾಸ್ತಿ. ಕೆಲಸ ದಿನಕ್ಕೆ ಒಂದೇ ಶಿಫ್ಟು, ಎಂಟು ತಾಸು. ಶನಿವಾರ ಭಾನುವಾರ ರಜೆ. ಲೇಬರ್ ಡೇ ಹಬ್ಬಕ್ಕೆ ಒಟ್ಟಿಗೆ ಐದು ದಿನ ಯಂತ್ರಗಳು ನಿಂತವು. ಬೆಂಕಿಗೆ ಮಾತ್ರ ಮೂರು ಶಿಫ್ಟು, ಹಬ್ಬಕ್ಕೂ ರಜೆ ಇಲ್ಲ. ಅಗೆದಷ್ಟೂ ಹೊಸ ಗಾಳಿ ಒಳಗೆ ಹೋಗಿ ಅದಕ್ಕೇ ಅನುಕೂಲವಾಯಿತು. ಅಕ್ಟೋಬರ್ 29ರಂದು ಹಣ ಮುಗಿದು ಕೆಲಸ ನಿಲ್ಲುವಾಗ ಅಂದಾಜಿನ ಎರಡು ಪಟ್ಟಿಗಿಂತ ಹೆಚ್ಚು, 58,000 ಘನ ಗಜಕ್ಕೂ ಮೀರಿ ಅಗೆದಿದ್ದರು. ಖರ್ಚು 27,658 ಡಾಲರ್. ಬೆಂಕಿ ಉತ್ತರಕ್ಕೆ ಸರಿದಿತ್ತು.

ಎರಡನೆಯ ಸಲ ಉಪಾಯ ಬದಲಾಯಿತು. ಬೆಂಕಿಯ ಮುಂದೆ ಅರ್ಧ ಚಂದ್ರಾಕಾರದಲ್ಲಿ ರಂಧ್ರ ಕೊರೆದು, ಪುಡಿಗಲ್ಲನ್ನು ನೀರಿನ ಜೊತೆ ಒಳಗೆ ಸುರಿದು ಖಾಲಿ ಜಾಗಗಳನ್ನು ತುಂಬುವುದು. ಯೋಚನೆ ಸರಿಯಾಗೇ ಇತ್ತು. ಆದರೆ ಕಾಲ ಚಳಿಗಾಲ. ಹಿಮಗಾಳಿಗೆ ನೀರಿನ ಪೈಪು ಹೆಪ್ಪುಗಟ್ಟಿತು, ಕಲ್ಲು ಪುಡಿ ಮಾಡುವ ಯಂತ್ರವೂ ಹೆಪ್ಪುಗಟ್ಟಿತು. ಕೆಳಗೆ ಬೆಂಕಿ, ಮೇಲೆ ಮಂಜುಗಡ್ಡೆ. ನಗಬೇಕೋ ಅಳಬೇಕೋ ತಿಳಿಯದ ಸ್ಥಿತಿ. 1963ರ ಮಾರ್ಚ್ 15ಕ್ಕೆ 42,420 ಡಾಲರ್ ಖರ್ಚಾಗಿ ಕೆಲಸ ನಿಂತಿತು. ಒಂದು ತಿಂಗಳೊಳಗೆ ಪೂರ್ವಕ್ಕೆ ಸುಮಾರು 700 ಅಡಿ ದೂರದಲ್ಲಿ ನೆಲದಿಂದ ಹಬೆ ಎದ್ದಿತು.

ಆ ವರ್ಷವೇ ಬೆಂಕಿಗೆ ಅಡ್ಡಲಾಗಿ ಕಂದಕ ತೋಡುವ ಕೆಲಸವೂ ನಡೆಯಿತು. ಅದೂ ಅರ್ಧಕ್ಕೆ. ಅರವತ್ತರ ದಶಕದ ಕೊನೆಗೆ ಕೇಂದ್ರ ಸರ್ಕಾರವೂ ಕೈಹಾಕಿ, ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ನೆಲದೊಳಗೆ ತುಂಬಿ ತಡೆಗೋಡೆ ಕಟ್ಟಲು ನೋಡಿತು. ಸ್ವಲ್ಪ ಕಾಲ ತಡೆಯಿತು. ಆಮೇಲೆ ಬೆಂಕಿ ಅದನ್ನೂ ದಾಟಿತು.

ಪೆನ್ಸಿಲ್ವೇನಿಯಾದಲ್ಲೇ ಇರುವ ಕಾರ್ಬನ್‌ಡೇಲ್ ಎಂಬ ಊರಿನಲ್ಲೂ 1940ರ ದಶಕದಲ್ಲಿ ಕಸದ ರಾಶಿಯಿಂದಲೇ ಗಣಿಗೆ ಬೆಂಕಿ ಹತ್ತಿತ್ತು. ಅಲ್ಲಿ ಮನೆಗಳನ್ನೇ ತೆಗೆಸಿ, ವರ್ಷಗಟ್ಟಲೆ ಅಗೆದು ಬೆಂಕಿಯನ್ನು ಹೊರತೆಗೆದರು. ಅಂದರೆ ಆಗದ ಕೆಲಸವೇನೂ ಆಗಿರಲಿಲ್ಲ.

ಬಿಸಿ ನೆಲಮಾಳಿಗೆ

ಎಪ್ಪತ್ತರ ದಶಕವಿಡೀ ಊರು ಬೆಂಕಿಯ ಜೊತೆಗೇ ಸಂಸಾರ ಮಾಡಿತು. ಬೆಂಕಿಯ ಕಡೆಯ ಇಳಿಜಾರಿನಲ್ಲಿ ಹಿಮ ಬಿದ್ದರೂ ಅಲ್ಲಲ್ಲಿ ನಿಲ್ಲುತ್ತಿರಲಿಲ್ಲ, ಕರಗಿ ಹೋಗುತ್ತಿತ್ತು. ಚಳಿಗಾಲದಲ್ಲೂ ಟೊಮೆಟೊ ಬೆಳೆಯುತ್ತಿದ್ದೆವು ಎಂದು ಹೇಳಿಕೊಂಡವರಿದ್ದರು. ಕೆಲವರ ನೆಲಮಾಳಿಗೆ ಸದಾ ಬೆಚ್ಚಗೆ. ಮೊದಮೊದಲು ಇದು ತಮಾಷೆ.

1979ರಲ್ಲಿ ತಮಾಷೆ ಮುಗಿಯಿತು. ಊರಿನ ಪೆಟ್ರೋಲ್ ಬಂಕ್ ಮಾಲೀಕ ಜಾನ್ ಕಾಡಿಂಗ್ಟನ್ ಮೇಯರ್ ಆಗಿದ್ದವರು. ನೆಲದಡಿಯ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ನೋಡಲು ಅಳತೆ ಕೋಲು ಇಳಿಸಿ ತೆಗೆದರೆ ಕೋಲು ಬಿಸಿ. ಉಷ್ಣಮಾಪಕ ಕಟ್ಟಿ ಇಳಿಸಿದರು. 172 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 78 ಡಿಗ್ರಿ ಸೆಲ್ಸಿಯಸ್. ಪೆಟ್ರೋಲ್ ಟ್ಯಾಂಕಿನೊಳಗೆ!

ಬಿಸಿಗಿಂತ ಅಪಾಯದ್ದು ಗಾಳಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ನಿದ್ದೆ. ಎಷ್ಟೋ ಸಲ ಅಷ್ಟೇ ಗೊತ್ತಾಗುವುದು. ಬಿರುಕುಗಳಿಂದ ಅದು ನೆಲಮಾಳಿಗೆಗೆ ಏರಿ ಬರುತ್ತಿತ್ತು. ಮನೆಮನೆಯಲ್ಲಿ ಗಾಳಿ ಅಳೆಯುವ ಯಂತ್ರ ಬಂತು. ರಾತ್ರಿ ಮಲಗುವ ಮುನ್ನ ಗಡಿಯಾರಕ್ಕೆ ಅಲಾರಂ ಇಡುವ ಹಾಗೆ ಆ ಯಂತ್ರದ ಮುಳ್ಳು ನೋಡಿ ಮಲಗುವ ಬದುಕು.

1981ರ ಫೆಬ್ರವರಿ 14. ರಾಜಕಾರಣಿಗಳು, ಅಧಿಕಾರಿಗಳು ಪರಿಸ್ಥಿತಿ ನೋಡಲೆಂದು ಊರಿಗೆ ಬಂದಿದ್ದ ದಿನ. ಅಜ್ಜಿ ಮನೆಯ ಹಿತ್ತಲಲ್ಲಿದ್ದ 12 ವರ್ಷದ ಹುಡುಗನೊಬ್ಬನ ಕಾಲ ಕೆಳಗಿನ ನೆಲವೇ ಬಾಯಿ ಬಿಟ್ಟಿತು. ಬಾಯಿ ಅಗಲ ಬರೀ ನಾಲ್ಕು ಅಡಿ, ಆಳ ಸುಮಾರು 150 ಅಡಿ. ಹುಡುಗ ಮರದ ಬೇರು ಹಿಡಿದು ನೇತಾಡಿದ. ಸೋದರ ಸಂಬಂಧಿ, ಅವನಿಗೂ ಬರೀ 14 ವರ್ಷ, ಕೈ ಚಾಚಿ ಎಳೆದುಕೊಂಡ. ಗುಂಡಿಯಿಂದ ಬರುತ್ತಿದ್ದ ಹಬೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುವಷ್ಟಿತ್ತು.

ಹತ್ತೊಂಬತ್ತು ವರ್ಷ ವರದಿಗಳು ಮಾಡದ ಕೆಲಸವನ್ನು ಆ ಕೆಲವು ನಿಮಿಷ ಮಾಡಿತು. ದೇಶದ ಟಿವಿ ಕ್ಯಾಮೆರಾಗಳೆಲ್ಲ ಸೆಂಟ್ರೇಲಿಯಾಕ್ಕೆ ತಿರುಗಿದವು.

ಊರು ಎರಡು ಹೋಳು

ಹೊರಗಿನವರಿಗೆ ಇಷ್ಟಾದ ಮೇಲೆ ಎಲ್ಲ ಸ್ಪಷ್ಟ ಅನ್ನಿಸುತ್ತೆ: ಜೀವ ಮುಖ್ಯ, ಗಂಟುಮೂಟೆ ಕಟ್ಟಿ. ಊರೊಳಗೆ ಹಾಗಿರಲಿಲ್ಲ. ಬೆಂಕಿಯ ಮೇಲೇ ಇದ್ದ ಮನೆಗಳವರು, ಅದರಲ್ಲೂ ಸಣ್ಣ ಮಕ್ಕಳಿದ್ದವರು, ನಮ್ಮನ್ನು ಹೊರಗೆ ಕಳಿಸಿ ಎಂದು ಸಂಘ ಕಟ್ಟಿ ಕೂಗಿದರು. ಊರಿನ ಇನ್ನೊಂದು ಬದಿಯವರಿಗೆ ಹೊಗೆಯೂ ಕಾಣದು, ಬಿಸಿಯೂ ತಾಗದು. ಅವರಿಗೆ ಈ ಗಲಾಟೆಯೇ ಊರನ್ನು ಮುಳುಗಿಸುತ್ತಿದೆ ಅನ್ನಿಸಿತು. ಆಡುತ್ತಾ ಬೆಳೆದವರು, ಒಂದೇ ಚರ್ಚಿನ ಬೆಂಚಿನಲ್ಲಿ ಕೂತವರು ಮಾತು ಬಿಟ್ಟರು.

ವಯಸ್ಸಾದವರ ಮಾತಿನಲ್ಲೂ ಹುರುಳಿತ್ತು ಎಂದೇ ನನಗನ್ನಿಸುತ್ತೆ. ಜೀವಮಾನವಿಡೀ ಗಣಿಯಲ್ಲಿ ದುಡಿದವನಿಗೆ ನೆಲದಡಿಯ ಬೆಂಕಿ ಕಂಡು ಕೇಳರಿಯದ ಭೂತವಲ್ಲ. ವಿಲ್ಕ್ಸ್-ಬ್ಯಾರೆ ಹತ್ತಿರದ ಲಾರೆಲ್ ರನ್‌ನಲ್ಲಿ 1915ರಲ್ಲಿ ಹತ್ತಿದ ಗಣಿ ಬೆಂಕಿ ಆಗಲೂ ಉರಿಯುತ್ತಲೇ ಇತ್ತು. ಸಾಲ ತೀರಿಸಿ ಸ್ವಂತ ಮಾಡಿಕೊಂಡ ಮನೆ ಬಿಟ್ಟು, ಎಪ್ಪತ್ತನೇ ವಯಸ್ಸಿನಲ್ಲಿ ಬೇರೆ ಊರಲ್ಲಿ ಹೊಸ ಮನೆಯ ಕಂತು ಕಟ್ಟುವುದು ಎಂದರೆ?

ಇದರ ಜೊತೆಗೆ 1950ರ ಆ ಕಾಗದ. ಊರಿನ ಕೆಳಗಿರುವ ಕಲ್ಲಿದ್ದಲು ಕೋಟಿಗಟ್ಟಲೆ ಬಾಳುತ್ತೆ, ಹಕ್ಕು ಪಟ್ಟಣದ್ದು, ಪಟ್ಟಣವೇ ಇಲ್ಲವಾದರೆ ಹಕ್ಕು ರಾಜ್ಯಕ್ಕೆ ಹೋಗುತ್ತೆ. ಅದಕ್ಕೇ ನಮ್ಮನ್ನು ಓಡಿಸುತ್ತಿದ್ದಾರೆ, ಬೆಂಕಿ ಬರೀ ನೆಪ. ಈ ಮಾತು ಬಾಯಿಂದ ಬಾಯಿಗೆ ಹರಡಿ ಗಟ್ಟಿಯಾಯಿತು. ಸರ್ಕಾರ ಅದನ್ನು ನಿರಾಕರಿಸುತ್ತಲೇ ಬಂತು. ಜನ ಖಾಲಿಯಾಗಿ ಇಷ್ಟು ದಶಕವಾದರೂ ಊರಿನ ಕೆಳಗಿಂದ ಯಾರೂ ಆ ಕಲ್ಲಿದ್ದಲನ್ನು ತೆಗೆದು ಶ್ರೀಮಂತರಾಗಿಲ್ಲ. ಆದರೆ ಇಪ್ಪತ್ತು ವರ್ಷ ಅರೆಬರೆ ಕೆಲಸ ಮಾಡಿದ ಸರ್ಕಾರದ ಮಾತನ್ನು ಒಮ್ಮೆಲೇ ನಂಬಿ ಎಂದರೆ ಯಾರು ನಂಬುತ್ತಾರೆ?

ಅತ್ತ ರಾಜ್ಯ ಮತ್ತು ಕೇಂದ್ರದ ನಡುವೆ ಇದು ಯಾರ ಹೊಣೆ ಎಂಬ ಹಗ್ಗಜಗ್ಗಾಟ. ಪಾಳುಬಿದ್ದ ಗಣಿಗಳನ್ನು ಸರಿಪಡಿಸಲೆಂದೇ 1977ರ ಕಾನೂನಿನಲ್ಲಿ ನಿಧಿ ಮಾಡಿದ್ದರು. ಕಲ್ಲಿದ್ದಲು ಕಂಪನಿಗಳು ಟನ್ನಿಗೆ ಇಷ್ಟು ಎಂದು ಅದಕ್ಕೆ ಕಟ್ಟಬೇಕು. ಆ ನಿಧಿ ಇದಕ್ಕೆ ಯಾರ ಕೈಯಿಂದ ಖರ್ಚಾಗಬೇಕು ಎಂಬುದೇ ಜಗಳ.

1983ರ ಅಧ್ಯಯನ ವರದಿ ಆ ಜಗಳದ ನಡುವೆ ಬಂತು. ಇಡೀ ಬೆಂಕಿಯನ್ನು ಅಗೆದು ತೆಗೆಯಲು 66 ಕೋಟಿ 30 ಲಕ್ಷ ಡಾಲರ್, ಅದೂ ಊರನ್ನೇ ಬಗೆದು. ಆ ಆಗಸ್ಟ್‌ನಲ್ಲಿ ಊರವರು ಮತ ಹಾಕಿದರು. ಹೋಗೋಣ ಎಂದವರು 345, ಇರೋಣ ಎಂದವರು 200. ವರ್ಷ ಮುಗಿಯುವುದರೊಳಗೆ ಅಮೆರಿಕದ ಸಂಸತ್ತು ಸ್ಥಳಾಂತರಕ್ಕೆ 4 ಕೋಟಿ 20 ಲಕ್ಷ ಡಾಲರ್ ಒಪ್ಪಿಗೆ ಕೊಟ್ಟಿತು. ಬೆಂಕಿ ಆರಿಸುವುದಕ್ಕಿಂತ ಜನರನ್ನು ಎಬ್ಬಿಸುವುದು ಅಗ್ಗ. ಲೆಕ್ಕದ ಪುಸ್ತಕದಲ್ಲಿ ಅದು ಸರಿಯೇ. ಮೊದಲ ವಾರದಲ್ಲಿ ಯಾರಾದರೂ ಇದೇ ಲೆಕ್ಕ ಹಾಕಿದ್ದರೆ ಎಂದು ಮಾತ್ರ ಪದೇ ಪದೇ ಅನ್ನಿಸುತ್ತೆ.

ಕೆಡವಿದ ಮೇಲೆ

ಸಾವಿರದಷ್ಟು ಜನ ಹೊರಟರು. ದೂರ ಏನಲ್ಲ, ಬಹಳ ಜನ ಆಶ್‌ಲ್ಯಾಂಡ್, ಮೌಂಟ್ ಕಾರ್ಮೆಲ್‌ನಂಥ ಅಕ್ಕಪಕ್ಕದ ಊರುಗಳಿಗೇ. ಐನೂರಕ್ಕೂ ಹೆಚ್ಚು ಕಟ್ಟಡಗಳು ನೆಲಸಮವಾದವು. 1980ರಲ್ಲಿ 1,017 ಇದ್ದ ಜನಸಂಖ್ಯೆ 1990ರಲ್ಲಿ 63. ಪಕ್ಕದ ಬರ್ನ್ಸ್‌ವಿಲ್ ಎಂಬ ಹಳ್ಳಿ ತೊಂಬತ್ತರ ದಶಕದಲ್ಲಿ ಪೂರ್ತಿ ಅಳಿಸಿಹೋಯಿತು.

ಈ ಪ್ರಕರಣದಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ಚಿತ್ರ ಒಂದಿದೆ. ಗಣಿ ಊರಿನ ಮನೆಗಳು ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಪಕ್ಕದವನ ಗೋಡೆಯೇ ನಿನ್ನ ಗೋಡೆ. ಅಕ್ಕಪಕ್ಕದವರು ಹೋಗಿ ಅವರ ಮನೆ ಕೆಡವಿದಾಗ ನಡುವೆ ಉಳಿದ ಒಂಟಿ ಮನೆ ನಿಲ್ಲುವುದು ಹೇಗೆ? ಎರಡೂ ಬದಿಗೆ ಇಟ್ಟಿಗೆಯ ಆನಿಕೆ ಕಂಬಗಳನ್ನು ಕಟ್ಟಿದರು. ಖಾಲಿ ಹುಲ್ಲುಗಾವಲಿನ ನಡುವೆ ಕಿರಿದಾದ ಎರಡಂತಸ್ತಿನ ಮನೆ, ಅದರ ಪಕ್ಕೆಗಳಿಗೆ ಚಿಮಣಿಗಳಂತೆ ಕಾಣುವ ಇಟ್ಟಿಗೆ ಕಂಬಗಳ ಸಾಲು. ಹೊರಗಿನವರು ನೋಡಿ ಇಷ್ಟೊಂದು ಚಿಮಣಿ ಯಾಕೆ ಅಂದುಕೊಳ್ಳಬೇಕು, ಹಾಗೆ.

1992ರಲ್ಲಿ ರಾಜ್ಯಪಾಲ ಬಾಬ್ ಕೇಸಿ ಊರಿನ ಎಲ್ಲ ಆಸ್ತಿಯನ್ನೂ ಸರ್ಕಾರದ ವಶಕ್ಕೆ ತೆಗೆದುಕೊಳ್ಳುವ ಕಾನೂನು ಕ್ರಮಕ್ಕೆ ಮುಂದಾದರು. ಉಳಿದವರು ಕೋರ್ಟಿಗೆ ಹೋದರು, ಸೋತರು, ಮತ್ತೂ ಅಲ್ಲೇ ಇದ್ದರು. ತಮ್ಮದೇ ಮನೆಯಲ್ಲಿ ಕಾನೂನಿನ ಕಣ್ಣಿಗೆ ಒಕ್ಕಲು ಕೂತವರು. 2002ರಲ್ಲಿ ಅಂಚೆ ಇಲಾಖೆ ಊರಿನ ಜಿಪ್ ಕೋಡ್ 17927 ಅನ್ನು ರದ್ದು ಮಾಡಿತು. 2009ರಲ್ಲಿ ಮತ್ತೆ ಎಬ್ಬಿಸುವ ಪ್ರಯತ್ನ. ಕೊನೆಗೆ 2013ರ ಅಕ್ಟೋಬರ್‌ನಲ್ಲಿ ರಾಜಿಯಾಯಿತು. ಉಳಿದಿದ್ದ ಎಂಟು ಜನ ಬದುಕಿರುವ ತನಕ ಅಲ್ಲೇ ಇರಬಹುದು, ಆಮೇಲೆ ಮನೆ ಸರ್ಕಾರಕ್ಕೆ. 2020ರ ಜನಗಣತಿಯಲ್ಲಿ ಸಿಕ್ಕವರು 5.

ಹಳೆಯ 61ನೇ ಹೆದ್ದಾರಿಯ ಒಂದು ತುಂಡು ಬೆಂಕಿಯಿಂದ ಬಿರಿದು, 1993ರಲ್ಲಿ ಮುಚ್ಚಿತು. ಹೊಸ ರಸ್ತೆ ಬಳಸಿಕೊಂಡು ಹೋಯಿತು. ಬಿಟ್ಟ ರಸ್ತೆಗೆ ಹುಡುಗರು ಬಣ್ಣದ ಡಬ್ಬಿ ಹಿಡಿದು ಬಂದರು. ಹೆಸರು, ಹೃದಯ, ಬೈಗುಳ ಎಲ್ಲ ಸೇರಿ ಮುಕ್ಕಾಲು ಮೈಲಿಯಷ್ಟು ಡಾಂಬರು ಕಾಣದಾಯಿತು. ಊರಲ್ಲಿ ಜನರಿದ್ದಾಗ ಬಾರದಷ್ಟು ಪ್ರವಾಸಿಗರು ಊರು ಖಾಲಿಯಾದ ಮೇಲೆ ಬಂದರು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದಲ್ಲೂ ಜನ ಗುಂಪು ಕಟ್ಟುತ್ತಿದ್ದಾಗ, ಜಾಗದ ಮಾಲೀಕ ಕಂಪನಿ ಲಾರಿಗಟ್ಟಲೆ ಮಣ್ಣು ಸುರಿದು ರಸ್ತೆಯನ್ನೇ ಮುಚ್ಚಿಬಿಟ್ಟಿತು. ಅಲ್ಲಿ ವಾಸವಿದ್ದವರಿಗೆ ಬಹುಶಃ ನೆಮ್ಮದಿಯಾಗಿರಬೇಕು.

1966ರಲ್ಲಿ, ಊರಿಗೆ ನೂರು ತುಂಬಿದಾಗ, ಒಂದು ಕಾಲಪೆಟ್ಟಿಗೆ ಹೂತಿದ್ದರು. 2016ರಲ್ಲಿ ತೆಗೆಯಬೇಕಿತ್ತು. ಗಮನಿಸಿ, ಆಗ ಬೆಂಕಿ ಹತ್ತಿ ನಾಲ್ಕು ವರ್ಷ ಆಗಿತ್ತು. ಆದರೂ ಐವತ್ತು ವರ್ಷದ ನಂತರ ಇದನ್ನು ತೆಗೆಯಲು ಊರು ಇರುತ್ತೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾರೋ ಕದಿಯಲು ನೋಡಿದ್ದರಿಂದ ಎರಡು ವರ್ಷ ಮೊದಲೇ, 2014ರಲ್ಲಿ ತೆಗೆದರು. ಒಳಗೆ ನೀರು ತುಂಬಿತ್ತು. ಬಹಳಷ್ಟು ಕಾಗದಪತ್ರ ಕೊಳೆತು ಹೋಗಿದ್ದವು. ಗಣಿಗಾರನ ಹೆಲ್ಮೆಟ್ಟು, ದೀಪ, ಒಂದಿಷ್ಟು ಕಲ್ಲಿದ್ದಲು ಉಳಿದಿದ್ದವು. ಬೆಂಕಿಯೂರಿನ ಪೆಟ್ಟಿಗೆಯನ್ನು ಹಾಳು ಮಾಡಿದ್ದು ನೀರು!

ಬೆಂಕಿ ಈಗಲೂ ಇದೆ. ಇನ್ನೂ 250 ವರ್ಷ ಉರಿಯುವಷ್ಟು ಕಲ್ಲಿದ್ದಲು ಕೆಳಗಿದೆ ಎಂಬ ಅಂದಾಜಿದೆ. ಬೀದಿಗಳ ಜಾಗದಲ್ಲಿ ಮರ ಬೆಳೆದಿವೆ. ಗುಡ್ಡದ ಮೇಲೆ 1911ರಲ್ಲಿ ಕಟ್ಟಿದ ಉಕ್ರೇನಿಯನ್ ಕ್ಯಾಥೊಲಿಕ್ ಚರ್ಚ್ ಮಾತ್ರ ಬಿಳಿ ಗೋಡೆ, ನೀಲಿ ಗುಮ್ಮಟದೊಂದಿಗೆ ಹಾಗೇ ನಿಂತಿದೆ. ಪರೀಕ್ಷೆ ಮಾಡಿಸಿದಾಗ ಅದರ ಕೆಳಗಿರುವುದು ಗಟ್ಟಿ ಬಂಡೆ, ಕಲ್ಲಿದ್ದಲಿಲ್ಲ ಎಂದು ಗೊತ್ತಾಯಿತು. ಹಾಗಾಗಿ ಉಳಿಯಿತು. ಸುತ್ತಲಿನ ಊರುಗಳಿಂದ ಜನ ಈಗಲೂ ಪ್ರಾರ್ಥನೆಗೆ ಬರುತ್ತಾರೆ.

ಸ್ಮಶಾನಗಳೂ ಉಳಿದಿವೆ. ಆಡ್ ಫೆಲೋಸ್ ಸ್ಮಶಾನದ ಪಕ್ಕದಲ್ಲೇ ನೆಲದಿಂದ ವರ್ಷಗಟ್ಟಲೆ ಹಬೆ ಏಳುತ್ತಿತ್ತು. ಅಲ್ಲಿನ ಹುಲ್ಲನ್ನು ಈಗಲೂ ಯಾರೋ ಕತ್ತರಿಸುತ್ತಾರೆ. ಮೇ ಕೊನೆಗೆ, ಮೆಮೋರಿಯಲ್ ಡೇ ಹೊತ್ತಿಗೆ, ಹೋದವರ ಮಕ್ಕಳು ಮೊಮ್ಮಕ್ಕಳು ಹೂವು ಹಿಡಿದು ಬರುತ್ತಾರೆ.